ಎಣ್ಣೆಬಾವಿಯೂ ಮಾವನವರ ಮುಂದಿನ ಹಲ್ಲುಗಳೂ

ನಮ್ಮ ಮಾವನವರು ಮಣ್ಣು ತಿನ್ನುತ್ತಾರೆ.

ಹೀಗೆಂದು ಯಾರಿಗಾದರೂ ಹೇಳಿದರೆ ಅವರು ಮೊದಲು ನನ್ನ ಮುಖವನ್ನೇ ನೋಡುತ್ತಾರೆ. ಈ ಸೊಸೆ ಆ ಹಿರಿಯರಿಗೆ ಹೊಟ್ಟೆಗೆ ಸರಿಯಾಗಿ ಹಾಕುತ್ತಾಳೋ ಇಲ್ಲವೋ ಎಂಬ ಅನುಮಾನ ಅವರ ಕಣ್ಣಲ್ಲಿ ಇಣುಕುವುದು ನನಗೆ ಗೊತ್ತಾಗುತ್ತದೆ. ಹಾಗೇನೂ ಇಲ್ಲ ಸ್ವಾಮಿ! ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಜೋಳದ ರೊಟ್ಟಿ ಎಣ್ಣೆಗಾಯಿ, ಸಂಜೆಗೆ ಗಿರ್ಮಿಟ್ಟು, ಮೇಲೊಂದು ಕಪ್ಪು ಚಹಾ. ಇಷ್ಟೆಲ್ಲ ಹೊಟ್ಟೆಗೆ ಇಳಿದ ಮೇಲೆಯೇ ಅವರು ಹೊರಗೆ ಹೋಗಿ ಒಂದು ಚಿಟಿಕೆ ಮಣ್ಣನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ, ಸಂಗೀತ ಕೇಳುವವರ ಹಾಗೆ ತಲೆ ವಾಲಿಸಿ, ಕಟಕಟ ಎಂದು ಕಡಿಯುತ್ತಾರೆ. ಬಾಲಕೃಷ್ಣ ಮಣ್ಣು ತಿಂದನೆಂದು ಯಶೋದೆ ಬಾಯಿ ತೆರೆಸಿ ನೋಡಿದಳಂತೆ. ನಮ್ಮ ಮಾವನವರ ಬಾಯಿ ತೆರೆಸುವ ಧೈರ್ಯ ಮಾತ್ರ ಈ ಮನೆಯಲ್ಲಿ ಯಾರಿಗೂ ಇಲ್ಲ. ತೆರೆಸಿದಿರೋ, ಪ್ರಪಂಚದ ಎಣ್ಣೆಬಾವಿಗಳ ಚರಿತ್ರೆ ಪೂರ್ತಿ ಹೊರಬರುವವರೆಗೆ ಅದು ಮುಚ್ಚುವುದಿಲ್ಲ!

‘ತಿನ್ನುತ್ತಾರೆ’ ಎನ್ನುವ ಮಾತಿಗೆ ಅವರ ಆಕ್ಷೇಪಣೆ ಇದೆ. ತಾವು ಕಚ್ಚಿ ನೋಡುತ್ತೇವೆಯೇ ಹೊರತು ನುಂಗುವುದಿಲ್ಲ ಎಂಬುದು ಅವರ ವಾದ. ಬಾಯಿಗೆ ಹೋದ ಮಣ್ಣೆಲ್ಲ ಹೊರಗೆ ಬಂದದ್ದನ್ನು ಕಂಡವರು ಯಾರು ಎಂಬುದು ಅತ್ತೆಯ ವಾದ. ಈ ವ್ಯಾಜ್ಯ ನಾನು ಸೊಸೆಯಾಗಿ ಬರುವ ಮೊದಲೇ ಶುರುವಾದದ್ದು, ಇನ್ನೂ ತೀರ್ಪಾಗಿಲ್ಲ.

ಮಾವನವರು ಧಾರವಾಡದ ಕಡೆಯವರು. ಭೂವಿಜ್ಞಾನ ಓದಿ, ಮದುವೆಯಾದ ಹೊಸತರಲ್ಲೇ ಎಣ್ಣೆ ಕಂಪನಿಯೊಂದರ ಕೆಲಸ ಹಿಡಿದು ಮಲೇಷ್ಯಾದ ಸರವಾಕ್‌ನ ಮಿರಿ ಎಂಬ ಊರಿಗೆ ಬಂದವರು. ಸಮುದ್ರದ ನಡುವೆ ಎಣ್ಣೆ ಕೊರೆಯುವ ರಿಗ್‌ಗಳ ಮೇಲೆ ಅರ್ಧ ಆಯುಷ್ಯ ಕಳೆದು, ನಿವೃತ್ತರಾಗಿ, ಈಗ ರಾಜಧಾನಿಯ ಪಕ್ಕದ ಸುಬಾಂಗ್ ಜಯಾದಲ್ಲಿ ನಮ್ಮ ಜೊತೆಗಿದ್ದಾರೆ. ಅವರ ಕೆಲಸ ಏನೆಂದರೆ, ನೆಲದೊಳಗೆ ಮೈಲಿಗಟ್ಟಲೆ ಕೊರೆಯುತ್ತ ಹೋದಾಗ ಕೆಸರಿನ ಜೊತೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ನೋಡಿ, ಕೆಳಗೆ ಏನಿದೆ ಎಂದು ಹೇಳುವುದು. ಎಣ್ಣೆ ಮರಳುಗಲ್ಲಿನ ಸಂದಿಗಳಲ್ಲಿ ಕೂತಿರುತ್ತದಂತೆ, ಜೇಡಿ ಅದರ ಮೇಲಿನ ಮುಚ್ಚಳವಂತೆ. ಇವೆರಡರ ನಡುವೆ ಸಿಲ್ಟ್ ಎಂಬ ಇನ್ನೊಂದು ಜಾತಿ ಇದೆ, ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ. ಅದು ಭೂತಗನ್ನಡಿಗೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಹಲ್ಲಿಗೆ ಮಾಡುವುದಿಲ್ಲ. ಮುಂದಿನ ಹಲ್ಲಲ್ಲಿ ಕಡಿದರೆ ಜೇಡಿ ಬೆಣ್ಣೆಯ ಹಾಗೆ ಜಾರುತ್ತದೆ, ಸಿಲ್ಟ್ ಸಣ್ಣಗೆ ಕರಕರ ಎನ್ನುತ್ತದೆ, ಮರಳಂತೂ ತಲೆಬುರುಡೆಯವರೆಗೆ ಕೇಳಿಸುತ್ತದೆ. ಇದು ಮಾವನವರೊಬ್ಬರ ಹುಚ್ಚಲ್ಲ, ಆ ಕಸುಬಿನವರೆಲ್ಲ ಹೀಗೆ ಕಚ್ಚಿ ನೋಡುವವರೇ. ಆದರೆ ಉಳಿದವರು ಕಚ್ಚುವುದನ್ನು ರಿಗ್ ಮೇಲೆ ಬಿಟ್ಟು ಮನೆಗೆ ಬಂದರು, ನಮ್ಮವರು ಜೊತೆಗೆ ಕರೆದುಕೊಂಡು ಬಂದರು.

ನನ್ನ ಮದುವೆಯ ಮಾತುಕತೆಯಲ್ಲಿ ಈ ವಿಷಯದ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಹುಡುಗ ಕುಡಿಯುವುದಿಲ್ಲ, ಸೇದುವುದಿಲ್ಲ ಎಂದರು. ಹುಡುಗನ ಅಪ್ಪ ಕಲ್ಲು ಕಚ್ಚುತ್ತಾರೆ ಎನ್ನಲಿಲ್ಲ. ನಮ್ಮ ಮೈಸೂರಿನ ಕಡೆಯವರಾದರೂ ಯಾಕೆ ಕೇಳುತ್ತಾರೆ? ಬೀಗರ ಬಗ್ಗೆ ಏನೇನೋ ವಿಚಾರಿಸುತ್ತಾರೆ, ಕಲ್ಲಿನ ಅಭ್ಯಾಸ ಉಂಟೇ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಗೊತ್ತಾದದ್ದು ಬೀಗರ ಊಟದ ದಿನ. ನಮ್ಮಪ್ಪ ಪಂಕ್ತಿಯಲ್ಲಿ ಕೈಕಟ್ಟಿ ನಿಂತು, ಬೀಗರ ಎಲೆಗೆ ಏನೂ ಕಡಿಮೆಯಾಗದಂತೆ ನೋಡಿಕೊಳ್ಳುತ್ತಿದ್ದರು. ಎರಡನೆಯ ಸಲದ ಅನ್ನ ಬಿತ್ತು, ಸಾರು ಬಿತ್ತು. ಮಾವನವರ ಬಾಯೊಳಗೆ ಕಟಕ್ ಎಂದ ಸದ್ದು ನಮ್ಮಪ್ಪನ ಎದೆಗೇ ಬಡಿಯಿತು. ಬೀಗರ ಅನ್ನದಲ್ಲಿ ಕಲ್ಲು! ಇನ್ನು ಎಲೆ ಬಿಟ್ಟು ಏಳುತ್ತಾರೆ, ಜೀವಮಾನವಿಡೀ ಆಡಿಕೊಳ್ಳುತ್ತಾರೆ ಎಂದು ಅಪ್ಪ ಬೆವೆತರು. ಮಾವನವರು ಕಲ್ಲನ್ನು ಬೆರಳಲ್ಲಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡು ಮುಂದಿನ ಹಲ್ಲಲ್ಲಿ ಒಮ್ಮೆ ಕಡಿದು ತಲೆದೂಗಿದರು.

“ಬೆಣಚುಕಲ್ಲು ಅದ, ಬೀಗರ. ಮೂಲಿ ಎಲ್ಲಾ ಸವದು ದುಂಡಗಾಗೇದ, ಭಾಳ ದೂರ ಹರದು ಬಂದದ. ನಿಮ್ಮ ಅಕ್ಕಿ ಹೊಳಿದಂಡೀದು. ಇನ್ನೊಂದು ಸ್ವಲ್ಪ ಹಾಕಸ್ರಿ.”

ಅನ್ನ ಕೇಳಿದರೋ ಕಲ್ಲು ಕೇಳಿದರೋ ನಮ್ಮಪ್ಪನಿಗೆ ಇವತ್ತಿಗೂ ತಿಳಿದಿಲ್ಲ. ಅಂಥ ಬೀಗರು ಪುಣ್ಯ ಮಾಡಿದವರಿಗೆ ಮಾತ್ರ ಸಿಗುತ್ತಾರೆ ಎಂದು ಮಾತ್ರ ಈಗಲೂ ಎಲ್ಲರ ಮುಂದೆ ಹೇಳುತ್ತಾರೆ.

ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಹೊಸ ಕಾಂಡೋ, ಅಂದರೆ ಬಹುಮಹಡಿ ಮನೆಗಳ ಕಟ್ಟಡ, ಏಳಲು ಶುರುವಾದದ್ದು ಮಾವನವರ ನಿವೃತ್ತ ಜೀವನದ ಸುವರ್ಣಕಾಲ. ದೊಡ್ಡ ಯಂತ್ರ ತಂದು, ಬುನಾದಿಯ ಕಂಬ ಇಳಿಸುವ ಪೈಲಿಂಗ್‌ಗೆಂದು ನೆಲ ಕೊರೆಯತೊಡಗಿದರು. ಸುತ್ತಮುತ್ತಲಿನವರೆಲ್ಲ ಸದ್ದಿಗೆ ಕಿವಿ ಮುಚ್ಚಿಕೊಂಡು ದೂರು ಕೊಟ್ಟರೆ ನಮ್ಮವರು ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಕ್ಯಾಪು ತೊಟ್ಟು, ತಗಡಿನ ಬೇಲಿಯ ಸಂದಿಗೆ ಹಾಜರು. ಮೇಲೆ ಬಂದ ಮಣ್ಣನ್ನು ರಾಶಿ ಹಾಕುತ್ತಿದ್ದ ಮೂಲೆಗೆ ಕೈ ಚಾಚಿ ಒಂದು ಚಿಟಿಕೆ ತೆಗೆಯುವುದು, ಕಡಿಯುವುದು, ಮನೆಗೆ ಬಂದು ಇವತ್ತು ಜೇಡಿ ದಾಟಿದರು ಎಂದು ವರದಿ ಒಪ್ಪಿಸುವುದು. ಅಲ್ಲಿನ ಕಾವಲುಗಾರ ನೇಪಾಳದವನು. ಅವನು ಕೆಲವು ದಿನ ಸುಮ್ಮನೆ ನೋಡಿದ. ಆಮೇಲೊಂದು ದಿನ ಪಕ್ಕದ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಪರೋಟದಂಥ ರೋಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದು, ಎರಡೂ ಕೈಯಿಂದ ಮಾವನವರ ಮುಂದೆ ಹಿಡಿದ. ಮನೆಯಲ್ಲಿ ಯಾರೂ ಇಲ್ಲವೇ ಎಂದು ಮೆತ್ತಗೆ ಕೇಳಿದನಂತೆ!

ಇವರು ಬೇಡ ಎಂದರೇ? ಇಲ್ಲ. ಅಲ್ಲೇ ಅವನ ಕುರ್ಚಿಯ ಪಕ್ಕ ಕೂತು, ತಂದ ರೋಟಿಯನ್ನು ಅವನಿಗೂ ಪಾಲು ಹಾಕಿ ತಿಂದು, ನೆಲ ಕೊರೆಯುವ ಚರಿತ್ರೆಯನ್ನು ಹಿಂದಿಯಲ್ಲಿ ಅವನಿಗೆ ಒಪ್ಪಿಸಿ ಬಂದರು. ಹಿಂದೊಂದು ಕಾಲದಲ್ಲಿ ಚೀನಾ ದೇಶದ ಜನ ಬಿದಿರು ಗಳಗಳನ್ನು ಒಂದಕ್ಕೊಂದು ಕಟ್ಟಿ, ತುದಿಗೆ ಕಬ್ಬಿಣದ ಉಳಿ ಸಿಕ್ಕಿಸಿ, ಉಪ್ಪುನೀರಿಗಾಗಿ ಪಾತಾಳದವರೆಗೆ ಕೊರೆದದ್ದು. ಬರ್ಮಾದಲ್ಲಿ ಅಪ್ಪ ಮಕ್ಕಳು ಮೊಮ್ಮಕ್ಕಳು ಎಂದು ಮನೆತನಗಳೇ ಎಣ್ಣೆಬಾವಿ ತೋಡುತ್ತಿದ್ದದ್ದು. ಒಬ್ಬನನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಮೇಲಿನವರು ಕನ್ನಡಿ ಹಿಡಿದು ಬಿಸಿಲನ್ನು ಬಾವಿಯೊಳಕ್ಕೆ ಹಾಯಿಸುತ್ತಿದ್ದದ್ದು. ಒಳಗಿನ ಗಾಳಿಗೆ ಅವನು ಉಸಿರುಗಟ್ಟುವ ಮೊದಲೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದದ್ದು. ಆ ಕಾವಲುಗಾರ ನಮ್ಮ ಮನೆಯ ಬೆಲ್ ಒತ್ತಿ, ನಿಮ್ಮ ತಂದೆಯವರು ದೊಡ್ಡ ಮನುಷ್ಯರು ಎಂದು ನನಗೆ ಹೇಳಿ ಹೋದ. ಆದರೂ ಹೊತ್ತು ಹೊತ್ತಿಗೆ ಊಟ ಕೊಡಿ ಎಂದು ಸೇರಿಸಿದ.

ಪೆಟ್ರೋಲ್ ಹಾಕಿಸಲು ಕಾರು ತೆಗೆದರೆ ಸಾಕು, ಮಾವನವರು ಮುಂದಿನ ಸೀಟಿನಲ್ಲಿ ಹಾಜರು. ಇಲ್ಲಿ ಬಂಕಿನಲ್ಲಿ ನಾವೇ ಪೈಪು ಹಿಡಿದು ತುಂಬಿಕೊಳ್ಳಬೇಕು, ಹಣವನ್ನು ಒಳಗಿನ ಕೌಂಟರಿನಲ್ಲಿ ಮೊದಲೇ ಕೊಡಬೇಕು. ಆ ಕೌಂಟರ್ ಅವರಿಗೆ ಸಿಕ್ಕ ವೇದಿಕೆ. ಅಲ್ಲಿ ತಲೆಗೆ ತುಡುಂಗ್ ವಸ್ತ್ರ ಕಟ್ಟಿದ ಒಬ್ಬ ಮಲಯ್ ಹುಡುಗಿ, ಸದಾ ನಗುಮುಖದವಳು. ಅವಳಿಗೆ ಮಾವನವರು ತಮ್ಮ ರಿಗ್ಗಿನ ಮಲಯ್ ಭಾಷೆಯಲ್ಲಿ ಉಪದೇಶ ಮಾಡುತ್ತಾರೆ. ಮೊದಮೊದಲು ಎಲ್ಲರಿಗೂ ಬೇಕಾಗಿದ್ದದ್ದು ದೀಪಕ್ಕೆ ಸೀಮೆಎಣ್ಣೆ ಮಾತ್ರ. ಅದನ್ನು ಬಟ್ಟಿ ಇಳಿಸುವಾಗ ಬರುತ್ತಿದ್ದ ಪೆಟ್ರೋಲು ಯಾರಿಗೂ ಬೇಡವಾಗಿ ಎಷ್ಟೋ ಕಡೆ ಹೊಳೆಗೆ ಚೆಲ್ಲುತ್ತಿದ್ದರು! ಅದಕ್ಕೂ ಹಿಂದೆ ಅಮೆರಿಕದಲ್ಲಿ ಉಪ್ಪುನೀರಿನ ಬಾವಿ ತೋಡುವವರು, ಎಣ್ಣೆ ಬಂದು ನಮ್ಮ ಉಪ್ಪು ಹಾಳಾಯಿತು ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಒಬ್ಬ ಜಾಣ ಅದೇ ಎಣ್ಣೆಯನ್ನು ಸೀಸೆಗೆ ತುಂಬಿ, ಕೀಲುನೋವಿನಿಂದ ಹಿಡಿದು ಸಕಲ ರೋಗಕ್ಕೂ ಮದ್ದು ಎಂದು ಮಾರಿದ! ಹಿಂದೆ ಸಾಲು ಬೆಳೆಯುತ್ತದೆ, ನಾನು ಸೀಲಿಂಗ್ ಫ್ಯಾನು ನೋಡುತ್ತ ನಿಲ್ಲುತ್ತೇನೆ. ಹುಡುಗಿ ಎಲ್ಲ ಕೇಳಿ, ತಲೆ ಆಡಿಸಿ, ಕೊನೆಗೆ ಒಂದೇ ಮಾತು ಕೇಳುತ್ತಾಳೆ, “ಅಂಕಲ್, ಪಾಯಿಂಟ್ಸ್ ಕಾರ್ಡ್ ಇದೆಯಾ?”

ಇಷ್ಟು ಹೇಳಿದ ಮೇಲೆ ಮಿರಿಯ ಅಜ್ಜಿಯ ವಿಷಯ ಹೇಳದಿದ್ದರೆ ಮಾವನವರು ನನ್ನನ್ನು ಕ್ಷಮಿಸುವುದಿಲ್ಲ. ಮಿರಿ ಊರಿನ ಹಿಂದಿನ ಗುಡ್ಡದ ಮೇಲೆ ಈ ದೇಶದಲ್ಲಿ ಕಂಪನಿಯವರು ಕೊರೆದ ಮೊಟ್ಟಮೊದಲ ಎಣ್ಣೆಬಾವಿ ಇದೆ. ನೂರು ವರ್ಷಕ್ಕೂ ಹಿಂದೆ ಕಾಡಿನ ನಡುವೆ ಮರದ ಗೋಪುರ ಕಟ್ಟಿ ಕೊರೆದದ್ದು. ಅದಕ್ಕೆ ಇಂಗ್ಲಿಷಿನವರು ಗ್ರ್ಯಾಂಡ್ ಓಲ್ಡ್ ಲೇಡಿ ಎಂದು ಹೆಸರಿಟ್ಟಿದ್ದಾರೆ, ಮಾವನವರ ಬಾಯಲ್ಲಿ ಅದು ‘ನಮ್ಮ ಅಜ್ಜಿ’. ಅಜ್ಜಿ ಹಾಗೆ, ಅಜ್ಜಿ ಹೀಗೆ, ದಶಕಗಳ ಕಾಲ ಬತ್ತದೆ ಎಣ್ಣೆ ಕೊಟ್ಟ ಮಹಾತಾಯಿ. ಅವರ ಸ್ವಂತ ಅಜ್ಜಿಯ ಹೆಸರು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ ಎಂದು ಅತ್ತೆ ಚುಚ್ಚುತ್ತಾರೆ.

ಆ ಕಾಲದ ಕೊರೆತವೇ ಬೇರೆ. ಈಗಿನ ಹಾಗೆ ತಿರುಗಿಸಿ ಕೊರೆಯುವುದಲ್ಲ. ಹಗ್ಗದ ತುದಿಗೆ ಭಾರದ ಉಕ್ಕಿನ ಉಳಿ ಕಟ್ಟಿ, ಎತ್ತಿ ಬಿಡುವುದು, ಎತ್ತಿ ಬಿಡುವುದು. ಕೆಳಗೆ ಏನಾಗುತ್ತಿದೆ ಎಂದು ತಿಳಿಸುವ ಯಂತ್ರ ಒಂದೂ ಇಲ್ಲ. ಕೊರೆಯುವವನು ಹಗ್ಗದ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಆ ಅದುರಿನಲ್ಲೇ ಅವನಿಗೆ ಕೆಳಗಿನ ಕಲ್ಲು ಗಟ್ಟಿಯೋ ಮೆತ್ತಗೋ ತಿಳಿಯುತ್ತಿತ್ತು. ಇದನ್ನು ಹೇಳುವಾಗ ಮಾವನವರು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿ ತೋರಿಸುತ್ತಾರೆ.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಪಕ್ಕದೂರು ಪೆಟಾಲಿಂಗ್ ಜಯಾದ ಸಭಾಂಗಣದಲ್ಲಿ ಇವರಿಗೆ ಐದು ನಿಮಿಷ ಮಾತಾಡಲು ಕೊಟ್ಟರು. ಐದು ನಿಮಿಷದ ಗಡುವನ್ನು ಯಾರಿಗೆ ಕೊಡುತ್ತಿದ್ದೇವೆ ಎಂಬ ಅರಿವು ಪಾಪ ಕಾರ್ಯದರ್ಶಿಗೆ ಇರಲಿಲ್ಲ. ಮಾವನವರು ವೇದಿಕೆಗೆ ಭಾಷಣ ತರಲಿಲ್ಲ, ಹಗ್ಗ ತಂದರು. ಅದರ ತುದಿಗೆ ಅತ್ತೆ ಧಾರವಾಡದಿಂದ ಹೊತ್ತು ತಂದಿದ್ದ ರುಬ್ಬುಗುಂಡು! ಪರದೆಯ ಹಿಂದೆ ಮೂರು ಬಕೆಟ್ಟು, ಒಂದರಲ್ಲಿ ಮರಳು, ಒಂದರಲ್ಲಿ ಜೇಡಿ, ಒಂದರಲ್ಲಿ ಇಟ್ಟಿಗೆ. ಗುಂಡನ್ನು ಎತ್ತಿ ಬಿಡುತ್ತಾರೆ. ಪರದೆಯ ಈಚೆ ನಿಂತವರು ಹಗ್ಗದ ಮೇಲೆ ಕೈಯಿಟ್ಟು ಯಾವ ಬಕೆಟ್ಟು ಎಂದು ಹೇಳಬೇಕು. ಮೊದಲು ಮಕ್ಕಳು ಬಂದರು. ಆಮೇಲೆ ಅವರ ಅಪ್ಪಂದಿರು, ಸಾಫ್ಟ್‌ವೇರಿನ ದೊಡ್ಡ ದೊಡ್ಡ ಮ್ಯಾನೇಜರುಗಳು, ಸಾಲು ನಿಂತರು. ಒಬ್ಬ ಹೃದಯದ ಡಾಕ್ಟರು ಇಟ್ಟಿಗೆಯನ್ನು ಜೇಡಿ ಎಂದು ಹೇಳಿ, ಎಲ್ಲರೂ ನಕ್ಕದ್ದಕ್ಕೆ ಮತ್ತೊಂದು ಅವಕಾಶ ಕೇಳಿದರು. ಹೈಸ್ಕೂಲಿನ ನನ್ನ ಮಗಳು, ಅಜ್ಜ ಸಂಘದಲ್ಲಿ ಮರ್ಯಾದೆ ತೆಗೆಯುತ್ತಾರೆಂದು ಕಾರಿನಲ್ಲಿ ದಾರಿಯುದ್ದಕ್ಕೂ ಇಲ್ಲಿಯ ಮಕ್ಕಳ ಹಾಗೆ “ಅಜ್ಜಾ, ಪ್ಲೀಸ್ ಲಾ” ಎಂದು ಗೋಗರೆದವಳು, ಮೂರಕ್ಕೆ ಮೂರೂ ಸರಿ ಹೇಳಿ ಮೈಕಿನ ಮುಂದೆ ನಿಂತು ಅವರ ಕೈ ಹಿಡಿದುಕೊಂಡಳು. ಬಿಸಿಬೇಳೆಬಾತು ತಣ್ಣಗಾಯಿತು. ಅಧ್ಯಕ್ಷರ ಭಾಷಣಕ್ಕೆ ಹೊತ್ತೇ ಉಳಿಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ದಿನ ನನಗೆ ಹೆಮ್ಮೆಯೋ ಹೆಮ್ಮೆ. ಇವರು ನಮ್ಮ ಮಾವ ಎಂದು ಗೊತ್ತಿದ್ದವರಿಗೂ ಮತ್ತೆ ಪರಿಚಯ ಮಾಡಿಸಿದೆ.

ಇಂಥ ಮಾವನವರ ಮುಂದಿನ ಎರಡು ಹಲ್ಲು ಅಲ್ಲಾಡತೊಡಗಿದವು.

ಯಾವಾಗಿನಿಂದ ಅಲ್ಲಾಡುತ್ತಿದ್ದವೋ, ಅವರು ಹೇಳಿರಲಿಲ್ಲ. ಒಂದು ದಿನ ಮೇಲ್ತುಟಿ ಊದಿಕೊಂಡು ಜ್ವರ ಬಂದಾಗ ಗೊತ್ತಾಯಿತು. ನಮ್ಮ ಸಂಘದಲ್ಲೇ ಉಡುಪಿ ಕಡೆಯ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ, ಮಣಿಪಾಲದಲ್ಲಿ ಓದಿ ಇಲ್ಲಿಯ ಕಾಲೇಜಿನಲ್ಲಿ ಪಾಠ ಮಾಡುವವರು. ಅವರ ಬಳಿಗೆ ಕರೆದುಕೊಂಡು ಹೋದೆ. ಅವರು ದೀಪ ಹಿಡಿದು ನೋಡಿದರು, ಎಕ್ಸ್‌ರೇ ತೆಗೆಸಿದರು.

“ಅಂಕಲ್, ಈ ಎರಡು ಹಲ್ಲು ತೆಗೀದೆ ಬೇರೆ ದಾರಿ ಇಲ್ಲ. ಬುಡದಲ್ಲಿ ಕೀವು ಉಂಟು. ಹಾಗೇ ಬಿಟ್ರೆ ಮೂಳೆ ಹಾಳಾಗ್ತದೆ, ನಿಮ್ಮ ಪ್ರಾಯಕ್ಕೆ ಅದು ಒಳ್ಳೇದಲ್ಲ.”

“ಆತು. ಹೊಸಾವು ಕಟ್ಟಸ್ತೀರಲ್ಲಾ, ಅದರಾಗ ಸಿಲ್ಟ್ ತಿಳೀತದೇನು?”

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ವಿವರಿಸಿದೆ. ಮೊದಲು ಅವರಿಗೆ ನಗು ಬಂತು, ಆಮೇಲೆ ಮಾವನವರ ಮುಖ ನೋಡಿ ನಗು ನಿಲ್ಲಿಸಿದರು. ಪಾಠ ಮಾಡುವವರಲ್ಲವೇ, ಸುಳ್ಳು ಹೇಳಲಿಲ್ಲ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಒಂದು ತೆಳುವಾದ ಪದರ ಇರುತ್ತದಂತೆ, ಕೂದಲೆಳೆಯಷ್ಟು ಸಣ್ಣ ಕಣ ಸಿಕ್ಕಿದರೂ ಅದಕ್ಕೆ ತಿಳಿಯುತ್ತದಂತೆ. ಹಲ್ಲು ಹೋದರೆ ಆ ಪದರವೂ ಹೋಯಿತು. ಹೊಸ ಹಲ್ಲಿನಲ್ಲಿ ಚಕ್ಕುಲಿ ತಿನ್ನಬಹುದು, ಜೋಳದ ರೊಟ್ಟಿ ತಿನ್ನಬಹುದು, ಅದೊಂದು ಮಾತ್ರ ಆಗುವುದಿಲ್ಲ ಎಂದರು.

ಚಕ್ಕುಲಿ ಯಾರಿಗೆ ಬೇಕಾಗಿತ್ತು? ಮಾವನವರು ಬಾಯಿ ಮುಚ್ಚಿದರು. ನಾನು ಕಂಡ ಹಾಗೆ ಅದು ಅಷ್ಟು ಹೊತ್ತು ಮುಚ್ಚಿದ್ದು ಅದೇ ಮೊದಲು.

ಆಮೇಲೆ ಮನೆಯಲ್ಲಿ ನಡೆದದ್ದು ಒಂದು ಸತ್ಯಾಗ್ರಹ. ಹಲ್ಲು ತೆಗೆಸುವ ದಿನ ಗೊತ್ತು ಮಾಡುವುದು, ಆ ದಿನ ಬೆಳಿಗ್ಗೆ ಇವರು ಒಲ್ಲೆ ಎನ್ನುವುದು. ಮಾತ್ರೆ ನುಂಗಿದರೆ ಬಾವು ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಏರುತ್ತದೆ. ರೊಟ್ಟಿ ಹೋಗಿ ಗಂಜಿ ಬಂತು. ನಮ್ಮ ಯಜಮಾನರು ಗದರಿ ನೋಡಿದರು, ಡಾಕ್ಟರಮ್ಮ ಫೋನಿನಲ್ಲಿ ಹೆದರಿಸಿ ನೋಡಿದರು, ನಾನು ಬೇಡಿ ನೋಡಿದೆ. ಪೆಟ್ರೋಲಿಗೆ ಹೊರಟರೆ ಅವರು ಸೋಫಾ ಬಿಟ್ಟು ಏಳಲಿಲ್ಲ. ಕೌಂಟರಿನ ಹುಡುಗಿ ಅಂಕಲ್ ಎಲ್ಲಿ ಎಂದು ಕೇಳಿದಳು. ಹಿಂದಿನ ಕಾಂಡೋದವರು ಮತ್ತೊಂದು ಮೂಲೆಯಲ್ಲಿ ಕೊರೆಯಲು ಶುರು ಮಾಡಿದ್ದರು, ಇವರು ಕಿಟಕಿಯಿಂದ ನೋಡಿದರೇ ಹೊರತು ಹೋಗಲಿಲ್ಲ. ನನಗೆ ಭಯವಾಯಿತು. ಮನೆಯಲ್ಲಿ ಮಣ್ಣು ತಿನ್ನುವವರಿದ್ದರೆ ರೇಗುತ್ತದೆ ನಿಜ. ತಿನ್ನುವುದನ್ನು ಬಿಟ್ಟರೆ ಮಣ್ಣನ್ನು ನಾವೇ ತಂದುಕೊಡೋಣವೇ ಎನಿಸುತ್ತದೆ ಎಂದು ನನಗೆ ಆಗ ತಿಳಿಯಿತು.

ಅತ್ತೆ ಒಂದು ದಿನ ಸಿಟ್ಟಿನಲ್ಲಿ, ಎರಡು ಹಲ್ಲಿಗೆ ಇಷ್ಟು ದುಃಖ ಮಾಡುವವರು ನಾನು ಸತ್ತರೆ ಏನು ಮಾಡುತ್ತೀರಿ ಎಂದು ಕೇಳಿಯೇಬಿಟ್ಟರು. ಮಾವನವರು ಗಂಜಿಯ ಬಟ್ಟಲು ಕೆಳಗಿಟ್ಟು ಗಂಭೀರವಾಗಿ ಯೋಚಿಸಿದರು.

“ನಿನ್ನ ಜಾಗಾಕ್ಕ ಕಟ್ಟಿಸಿದ್ದು ಬರೂದಿಲ್ಲ. ಇವುಕ್ಕೂ ಬರೂದಿಲ್ಲ,” ಎಂದರು.

ಇದು ಹೊಗಳಿಕೆಯೋ ಏನೋ ಅತ್ತೆಗೆ ಅರ್ಥವಾಗದೆ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದರು.

ಕೊನೆಗೆ ಮಾವನವರೇ ಒಂದು ಕರಾರಿಗೆ ಬಂದರು. ಒಮ್ಮೆ ಮಿರಿಯ ಗುಡ್ಡಕ್ಕೆ ಹೋಗಬೇಕು. ಹೊಸದಾಗಿ ಕೆಲಸಕ್ಕೆ ಬಂದಾಗ ಅವರ ಮೇಲಿನವರಾಗಿದ್ದ ಮಿರಿಯ ಒಬ್ಬ ಚೀನೀ ಹಿರಿಯರು, ಇವರನ್ನು ಅಜ್ಜಿಬಾವಿಯ ಬಳಿಗೆ ಕರೆದುಕೊಂಡು ಹೋಗಿ, ಗುಡ್ಡದ ಒಂದು ಚೂರು ಕಲ್ಲನ್ನು ಅಂಗೈಗೆ ಹಾಕಿ ಕಚ್ಚು ಎಂದಿದ್ದರಂತೆ. ನಮ್ಮಲ್ಲಿ ಉಪನಯನಕ್ಕೆ ಇರುವ ಬೆಲೆ ಮಾವನವರಿಗೆ ಆ ಕಲ್ಲಿಗೆ. ಅದೇ ಗುಡ್ಡದ ಕಲ್ಲನ್ನು ಸ್ವಂತ ಹಲ್ಲಿನಲ್ಲಿ ಕೊನೆಯ ಸಲ ಓದಿ ಬರುತ್ತೇನೆ, ಆಮೇಲೆ ಏನು ಬೇಕಾದರೂ ಕಿತ್ತುಕೊಳ್ಳಿ ಎಂದರು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಬೇಗ ಹೋಗಿ ಬೇಗ ಬನ್ನಿ ಎಂದರು. ಯಜಮಾನರಿಗೆ ರಜೆ ಸಿಗಲಿಲ್ಲ. ಮಾವ, ಅತ್ತೆ, ಮಗಳು, ನಾನು ಹೊರಟೆವು.

ಸರವಾಕ್ ಇದೇ ದೇಶದೊಳಗಿದ್ದರೂ ವಿಮಾನ ಇಳಿದ ಮೇಲೆ ಪಾಸ್‌ಪೋರ್ಟ್ ತೋರಿಸಬೇಕು. ಅಧಿಕಾರಿ ಬಂದ ಕಾರಣ ಕೇಳಿದ. ಕುಟುಂಬ, ಪ್ರವಾಸ ಎಂದರೆ ಮುಗಿಯುತ್ತಿತ್ತು. ಮಾವನವರು ಬಾಯಿ ಅಗಲಿಸಿ ಆ ಎರಡು ಹಲ್ಲು ತೋರಿಸಿದರು! ಅವನು ಹಲ್ಲು ನೋಡಿದ, ಪಾಸ್‌ಪೋರ್ಟ್ ನೋಡಿದ, ನನ್ನನ್ನು ನೋಡಿದ. ಅತ್ತೆ ತಲೆ ತಗ್ಗಿಸಿದರು. ಟಪ್ ಎಂದು ಮುದ್ರೆ ಬಿತ್ತು.

ಗುಡ್ಡದ ಮೇಲೆ ಒಳ್ಳೆಯ ಗಾಳಿ ಇತ್ತು. ಮರದ ಗೋಪುರವನ್ನು ಹಳೆಯ ಹಾಗೆಯೇ ಕಟ್ಟಿ ನಿಲ್ಲಿಸಿದ್ದಾರೆ, ಕೆಳಗೆ ಊರು, ಅದರಾಚೆಗೆ ಸಮುದ್ರ. ಮಾವನವರು ಗೋಪುರಕ್ಕೆ ಕೈ ಮುಗಿದರು. ಕಂಪನಿಯವರು ಬರುವ ಎಷ್ಟೋ ಮೊದಲೇ ಇಲ್ಲಿನ ಜನ ಕೈಯಲ್ಲಿ ಬಾವಿ ತೋಡಿ, ಆ ಎಣ್ಣೆಯಿಂದ ದೀಪ ಹಚ್ಚುತ್ತಿದ್ದರು, ದೋಣಿಗಳ ಸಂದಿಗೆ ಮೆತ್ತುತ್ತಿದ್ದರು ಎಂದು ಮೊಮ್ಮಗಳಿಗೆ ಹೇಳಿದರು. ಅಂದು ಗೋಪುರದ ಮರಗಳನ್ನು ಕಾಡಿನೊಳಗೆ ಹೊತ್ತು ತಂದವರ ಹೆಸರು ಯಾವ ಫಲಕದಲ್ಲೂ ಇಲ್ಲ, ನೀನಾದರೂ ನೆನಪಿಡು ಎಂದರು. ಬಾವು ಇದ್ದದ್ದರಿಂದ ಮಾತು ಸ್ಪಷ್ಟವಿರಲಿಲ್ಲ, ಆದರೂ ಅಲ್ಲಿ ನಿಂತಿದ್ದ ಬೇರೆ ಪ್ರವಾಸಿಗರೂ ಹತ್ತಿರ ಬಂದು ಕೇಳಿಸಿಕೊಂಡರು. ಅರ್ಥವಾಗುವ ಭಾಷೆಯಲ್ಲದಿದ್ದರೂ ಅವರು ಹೋಗಲಿಲ್ಲ. ನಾನು ಸೆಲ್ಫಿ ತೆಗೆಯುವ ನೆಪದಲ್ಲಿ ಮಾವನವರ ಪಕ್ಕ ಹೋಗಿ ನಿಂತೆ.

ಆಮೇಲೆ ಗುಡ್ಡ ಕಡಿದು ರಸ್ತೆ ಮಾಡಿದ ಜಾಗಕ್ಕೆ ಬಂದೆವು. ಅಲ್ಲಿ ಕಲ್ಲಿನ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಮಾವನವರು ಕೆಳಗೆ ಉದುರಿ ಬಿದ್ದಿದ್ದ ಒಂದು ಬೂದುಬಣ್ಣದ ತುಂಡು ಎತ್ತಿಕೊಂಡರು, ಅಂಗಿಗೆ ಒರೆಸಿದರು, ಒಂದು ಮೂಲೆ ಮುರಿದು ಹಲ್ಲಿನ ನಡುವೆ ಇ‌ಟ್ಟರು. ಕಣ್ಣು ಮುಚ್ಚಿದರು. ಕಡಿದರು.

ಕಣ್ಣಲ್ಲಿ ಫಕ್ಕನೆ ನೀರು ಬಂತು. ಹಲ್ಲು ಜಾರಿದ್ದು ನನಗೂ ಕಂಡಿತು. ಅವರು ಒಂದು ಕ್ಷಣ ತಡೆದು, ಬೆರಳಿನಿಂದ ಹಲ್ಲನ್ನು ಒತ್ತಿ ಹಿಡಿದುಕೊಂಡು ಮತ್ತೆ ಕಡಿದರು. ಆಮೇಲೆ ಕರವಸ್ತ್ರದಲ್ಲಿ ಉಗಿದು, ಕಲ್ಲನ್ನು ಅಂಗೈಯಲ್ಲಿ ಹಿಡಿದು ನೋಡುತ್ತ ನಿಂತರು.

“ತಿಳೀವಲ್ತು,” ಎಂದರು.

ಹಲ್ಲು ಕೀಳುವ ಮೊದಲೇ ಅವು ಹೋಗಿದ್ದವು, ಅದನ್ನು ತಿಳಿಯಲಿಕ್ಕೆ ಇಷ್ಟು ದೂರ ಬಂದ ಹಾಗಾಯಿತು.

ಅತ್ತೆ ಕೈಚೀಲವನ್ನು ಮೊಮ್ಮಗಳ ಕೈಗೆ ಕೊಟ್ಟು ಮುಂದೆ ಬಂದರು. ಮಾವನವರ ಅಂಗೈಯಿಂದ ಕಲ್ಲು ತೆಗೆದುಕೊಂಡು, ಸೆರಗಿನಿಂದ ಒರೆಸಿ, ಚೂರು ಮುರಿದು ತಮ್ಮ ಮುಂದಿನ ಹಲ್ಲಿನ ನಡುವೆ ಇಟ್ಟರು. ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ಮೆಲ್ಲಗೆ ಕಡಿದರು.

“ಸಿಲ್ಟ್ ಅದ,” ಎಂದರು. “ನಡುನಡುವ ಜೇಡಿ. ಮರಳಂತೂ ಅಲ್ಲ.”

ಮಾವನವರು ಅವರನ್ನೇ ನೋಡಿದರು. “ಅಜ್ಜಿ, ಹೌ ಡು ಯು ನೋ?” ಎಂದು ಮಗಳು ಕೇಳಿದಳು.

ಅತ್ತೆ ಉತ್ತರವನ್ನು ಮೊಮ್ಮಗಳಿಗೆ ಹೇಳಿದರೂ ನೋಡಿದ್ದು ಕೆಳಗಿನ ಊರನ್ನು. ಹೊಸದಾಗಿ ಮದುವೆಯಾಗಿ ಈ ಮಿರಿಗೆ ಬಂದಾಗ ಅವರಿಗೆ ಇಲ್ಲಿನ ಯಾವ ಭಾಷೆಯೂ ಬರುತ್ತಿರಲಿಲ್ಲ. ಗಂಡ ಸಮುದ್ರಕ್ಕೆ ಹೋದರೆ ವಾರಗಟ್ಟಲೆ ಸುದ್ದಿ ಇಲ್ಲ. ಬಂದವರು ಬಂದ ಕೂಡಲೇ ಹಾಸಿಗೆಗೆ ಬಿದ್ದು ದಿನವಿಡೀ ಮಲಗಿಬಿಡುತ್ತಿದ್ದರು. ಅವರು ಕಳಚಿ ಹಾಕಿದ ಕೆಲಸದ ಬಟ್ಟೆ ಒಗೆಯುವಾಗ ಕಿಸೆಯಲ್ಲಿ ಕಲ್ಲಿನ ಪುಡಿ ಸಿಗುತ್ತಿತ್ತು.

“ಎಲ್ಲೆ ಹೋಗಿದ್ರು, ಏನ ಕಂಡು ಬಂದ್ರು, ಯಾರನ್ನ ಕೇಳಲಿ? ಮಲಗಿದವರನ್ನ ಎಬ್ಬಸಬಾರದು. ಅದಕ್ಕ ಆ ಪುಡಿ ಕಚ್ಚಿ ನೋಡತಿದ್ದೆ. ಮರಳು ಸಿಕ್ಕರ ಈ ಸಲ ಎಣ್ಣೆ ಹತ್ತೇದ, ನಗಕೋತ ಏಳ್ತಾರ ಅಂತ ಹೋಳಿಗಿ ಮಾಡತಿದ್ದೆ. ಬರೇ ಜೇಡಿ ಇದ್ರ ಅನ್ನ ಸಾರು.”

ಪ್ರಪಂಚದ ಎಣ್ಣೆಬಾವಿಗಳ ಚರಿತ್ರೆಯನ್ನೆಲ್ಲ ಬಲ್ಲ ಮಾವನವರಿಗೆ ತಮ್ಮ ಮನೆಯ ಹೋಳಿಗೆಯ ಚರಿತ್ರೆ ಗೊತ್ತಿರಲಿಲ್ಲ. ಎಷ್ಟು ಸಲ ತಿಂದಿರಬೇಕು! ಅತ್ತೆ ಸೆರಗಿನಿಂದ ತಮ್ಮ ಬಾಯಿ ಒರೆಸಿಕೊಂಡು, ಅದೇ ಸೆರಗಿನಿಂದ ಅವರ ಕಣ್ಣು ಒರೆಸಿದರು.

“ಹಲ್ಲು ತಗಸ್ರಿ. ನನ್ನವು ಇನ್ನೂ ಗಟ್ಟಿ ಅವ. ನೀವು ತಂದು ಕೊಡ್ರಿ, ನಾ ಕಚ್ಚಿ ಹೇಳತೇನಿ.”

ಮಾವನವರು ಬಗ್ಗಿ, ಇನ್ನೊಂದು ಪದರದಿಂದ ಸಣ್ಣ ತುಂಡೊಂದನ್ನು ಮುರಿದು, ಒರೆಸಿ, ಅತ್ತೆಯ ಅಂಗೈಗೆ ಹಾಕಿದರು.

“ಡಾಕ್ಟರ್ ಬಾಯಾರಿಗೆ ಫೋನ್ ಹಚ್ಚವಾ,” ಎಂದು ನನಗೆ ಹೇಳಿದರು. “ಸೋಮವಾರ ಇಬ್ಬರೂ ಬರತೇವಿ ಅಂತ ಹೇಳು. ಇಕೀ ಹಲ್ಲೂ ಒಮ್ಮೆ ಛಲೋತ್ನಾಗಿ ನೋಡಲಿ.”